ಊರಿನ ಸಂಗೀತದ ವರದಿಗಾರ್ತಿಯ ಕಣ್ಣಿನಲ್ಲಿ ಬ್ಯಾಂಡ್‌ಕ್ಯಾಂಪ್

ಕಲಾವಿದರು ತಮ್ಮ ಸಂಗೀತವನ್ನು ನೇರವಾಗಿ ಕೇಳುಗರಿಗೆ ಮಾರುವ ಜಾಲತಾಣವಾದ ಬ್ಯಾಂಡ್‌ಕ್ಯಾಂಪ್ ಕುರಿತ ವಿಮರ್ಶೆಗಳು ಸಾಮಾನ್ಯವಾಗಿ ಎರಡೇ ಪ್ರಶ್ನೆಗಳ ಸುತ್ತ ತಿರುಗುತ್ತವೆ: ಕೊಳ್ಳುವವರಿಗೆ ಇದು ಅನುಕೂಲವೇ, ಹಾಡುವವರ ಕೈಗೆ ನಾಲ್ಕು ಕಾಸು ಸೇರುತ್ತದೆಯೇ. ಈ ಸೇವೆಯನ್ನು ಇವರಿಬ್ಬರಷ್ಟೇ ನಿತ್ಯವಾಗಿ ಬಳಸುವ ಇನ್ನೊಂದು ವರ್ಗವಿದೆ. ತಾವಿರುವ ಊರಿನ ಸಂಗೀತದ ಬಗ್ಗೆ ಬರೆದು ಬದುಕುವ ಪತ್ರಕರ್ತರು ಆ ವರ್ಗಕ್ಕೆ ಸೇರಿದವರು. ನಮ್ಮ ಊರಿನಲ್ಲಿ ಈಗ ಯಾರು ಏನು ಮಾಡುತ್ತಿದ್ದಾರೆ, ಯಾರ ಜೊತೆ ಸೇರಿ ಮಾಡುತ್ತಿದ್ದಾರೆ, ಹತ್ತು ವರ್ಷಗಳ ನಂತರವೂ ಅದಕ್ಕೆ ಸಾಕ್ಷಿ ಉಳಿದಿರುತ್ತದೆಯೇ ಎಂಬುದು ಅವರ ಪ್ರಶ್ನೆ. ನಾನೂ ಇದೇ ಕಸುಬಿನವಳಾದ್ದರಿಂದ ಈ ವಿಮರ್ಶೆಯಲ್ಲಿ ಬ್ಯಾಂಡ್‌ಕ್ಯಾಂಪನ್ನು ಅಂಗಡಿಯಾಗಿ ಅಳೆಯುವುದಕ್ಕಿಂತ ವರದಿಗಾರಿಕೆಯ ಉಪಕರಣವಾಗಿ ಪರೀಕ್ಷಿಸಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುವುದಾದರೆ, ಊರಿನ ಸಂಗೀತದ ವಿಳಾಸ ಪುಸ್ತಕವಾಗಿ ಇದಕ್ಕೆ ಸಾಟಿಯಾದುದು ಸದ್ಯಕ್ಕೆ ಬೇರೊಂದಿಲ್ಲ. ಊರಿನ ಸಂಗೀತದ ದಫ್ತರವಾಗಿ ಮಾತ್ರ ಇದನ್ನು ನಂಬಿ ಕೂರುವಂತಿಲ್ಲ.

ಸೇವೆ ಶುರುವಾದದ್ದು 2008ರಲ್ಲಿ. ಕಲಾವಿದರು ತಮ್ಮ ಪುಟವನ್ನು ತಾವೇ ತೆರೆದು, ಹಾಡುಗಳನ್ನು ತಾವೇ ಏರಿಸಿ, ಬೆಲೆಯನ್ನು ತಾವೇ ನಿಗದಿ ಮಾಡುತ್ತಾರೆ. ಕೇಳುಗರು ಮನಸ್ಸಿಗೆ ಬಂದಷ್ಟು ಕೊಡಲಿ ಎಂದು ಬಿಡಲೂಬಹುದು. ಡಿಜಿಟಲ್ ಮಾರಾಟದಲ್ಲಿ ಶೇಕಡ 15ರಷ್ಟನ್ನು, ಗ್ರಾಮಫೋನ್ ತಟ್ಟೆ, ಕ್ಯಾಸೆಟ್, ಅಂಗಿ ಮುಂತಾದ ವಸ್ತುಗಳ ಮಾರಾಟದಲ್ಲಿ ಶೇಕಡ 10ರಷ್ಟನ್ನು ಕಂಪನಿ ಹಿಡಿದುಕೊಳ್ಳುತ್ತದೆ. ಈ ಲೆಕ್ಕಾಚಾರ ಎಲ್ಲರಿಗೂ ಗೊತ್ತಿರುವಂಥದ್ದೇ ಆದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ.

ಪತ್ರಕರ್ತೆಗೆ ಮುಖ್ಯವಾಗುವುದು ಅಷ್ಟೇನೂ ಕಣ್ಣಿಗೆ ಬೀಳದ ಒಂದು ಸಣ್ಣ ಅಂಶ. ಕಲಾವಿದರು ತಮ್ಮ ಪುಟದಲ್ಲಿ ತಾವು ಯಾವ ಊರಿನವರೆಂದು ಬರೆದುಕೊಳ್ಳುತ್ತಾರೆ. ಆ ಹೆಸರು ಅವರ ಚಿತ್ರದ ಕೆಳಗೆ ಕಾಣಿಸುತ್ತದೆ, ಪ್ರತಿ ಆಲ್ಬಮ್ಮಿನ ಪುಟದ ಅಡಿಯಲ್ಲಿರುವ ಟ್ಯಾಗುಗಳ, ಅಂದರೆ ಗುರುತಿನ ಪದಗಳ, ಸಾಲಿನಲ್ಲಿಯೂ ಬಂದು ಕೂರುತ್ತದೆ. ಅದರ ಮೇಲೆ ಒತ್ತಿದರೆ ಅದೇ ಊರಿನವರೆಂದು ಹೇಳಿಕೊಂಡ ಉಳಿದ ಕಲಾವಿದರ ಸಂಗೀತ ಸಾಲಾಗಿ ತೆರೆದುಕೊಳ್ಳುತ್ತದೆ. ಹೋಲಿಕೆಗೆ ಸ್ಪಾಟಿಫೈ ಎಂಬ ಸ್ಟ್ರೀಮಿಂಗ್ ಸೇವೆಯನ್ನು ನೋಡಿ: ಅಲ್ಲಿ ಕಲಾವಿದರ ಪುಟದಲ್ಲಿ ಊರುಗಳ ಪಟ್ಟಿಯೊಂದು ಇದೆಯಾದರೂ ಅದು ಅವರನ್ನು ಹೆಚ್ಚಾಗಿ ಕೇಳುವವರು ಎಲ್ಲಿದ್ದಾರೆ ಎಂಬುದರ ಪಟ್ಟಿ, ಕಲಾವಿದರು ಎಲ್ಲಿಯವರು ಎಂಬುದು ಗೊತ್ತಾಗಬೇಕಾದರೆ ಪರಿಚಯದ ಸಾಲುಗಳನ್ನು ಓದಬೇಕು, ಅದೂ ಅವರು ಬರೆದಿದ್ದರೆ. ಕೇಳುಗರ ಊರು ಜಾಹೀರಾತಿನವರಿಗೂ ಪ್ರವಾಸ ಏರ್ಪಡಿಸುವವರಿಗೂ ಬೇಕಾದ ಮಾಹಿತಿ. ಕಲಾವಿದರ ಊರು ವರದಿಗಾರ್ತಿಗೆ ಬೇಕಾದ ಮಾಹಿತಿ.

ಊರಿನ ಹೆಸರಿನಡಿ ಬರುವ ಸಂಗೀತವನ್ನು ಹೆಚ್ಚು ಮಾರಾಟವಾದ ಕ್ರಮದಲ್ಲಿಯೂ ಹೊಸದಾಗಿ ಬಂದ ಕ್ರಮದಲ್ಲಿಯೂ ಜೋಡಿಸಿ ನೋಡಬಹುದು. ಮೊದಲನೆಯದು ಕಸುಬಿಗೆ ಹೆಚ್ಚು ಉಪಯೋಗವಿಲ್ಲ. ಅಲ್ಲಿ ಕಾಣುವವರು ಆಗಲೇ ನಾಲ್ಕು ಜನರಿಗೆ ಗೊತ್ತಿರುವವರು, ಅವರ ಬಗ್ಗೆ ಬರೆಯಲು ಪತ್ರಕರ್ತೆಗೆ ಬೇರೆ ದಾರಿಗಳೂ ಇವೆ. ಎರಡನೆಯದು ಚಿನ್ನದ ಗಣಿ, ಮಣ್ಣೂ ಕಲ್ಲೂ ಸೇರಿದಂತೆ. ಮಲಗುವ ಕೋಣೆಯಲ್ಲಿ ಕುಳಿತು ಮಾಡಿದ ಗುಂಯ್‌ಗುಡುವ ಪ್ರಯೋಗಗಳು, ಅಭ್ಯಾಸದ ಧ್ವನಿಮುದ್ರಣಗಳು, ಒಂದೇ ಹಾಡಿನ ಮೂರು ಆವೃತ್ತಿಗಳು ಎಲ್ಲವೂ ಅಲ್ಲಿ ಒಂದರ ಹಿಂದೊಂದು ಬರುತ್ತವೆ, ಅವುಗಳ ನಡುವೆ ಯಾರ ಪತ್ರಿಕಾ ಪ್ರಕಟಣೆಯೂ ಬಾರದ, ಯಾವ ಪ್ರಚಾರಕರೂ ಕೈಹಿಡಿಯದ ಒಂದು ಒಳ್ಳೆಯ ಆಲ್ಬಮ್ ಸುಮ್ಮನೆ ಕುಳಿತಿರುತ್ತದೆ. ಈ ಕಸುಬಿಗೆ ಹೊಸದಾಗಿ ಬಂದವರು ಸಂಪಾದಕರ ಕೃಪೆಗೂ ಪ್ರಚಾರಕರ ಮಿಂಚಂಚೆಗೂ ಕಾಯದೆ ಸ್ವಂತ ಸುದ್ದಿಯನ್ನು ಹುಡುಕಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಇದರಲ್ಲಿಯೂ ಎರಡು ತೊಡಕುಗಳಿವೆ. ದೊಡ್ಡ ಊರಿನ ಅಂಚಿನಲ್ಲಿರುವ ಬಡಾವಣೆಯವರು ಕೆಲವೊಮ್ಮೆ ತಮ್ಮ ಬಡಾವಣೆಯ ಹೆಸರನ್ನೇ ಬರೆದುಕೊಳ್ಳುತ್ತಾರೆ, ಪಕ್ಕದ ಪಟ್ಟಣದವರು ದೊಡ್ಡ ಊರಿನ ಹೆಸರನ್ನು ಹೇಳಿಕೊಳ್ಳುತ್ತಾರೆ. ಆದ್ದರಿಂದ ಒಂದೇ ಹೆಸರನ್ನು ಹುಡುಕಿ ಸುಮ್ಮನಾದರೆ ಊರಿನ ಅರ್ಧ ಸಂಗೀತ ಕೈತಪ್ಪುತ್ತದೆ. ಇದಕ್ಕಿಂತ ಗಂಭೀರವಾದದ್ದೆಂದರೆ, ಊರಿನ ಹೆಸರು ಅಂಟಿಕೊಂಡಿರುವುದು ಕಲಾವಿದರಿಗೆ, ಕೃತಿ ಹುಟ್ಟಿದ ಜಾಗಕ್ಕಲ್ಲ. ಇಲ್ಲಿ ಬೆಳೆದು, ಇಲ್ಲಿಯೇ ಮೂರು ಆಲ್ಬಮ್ ಮಾಡಿ, ಆಮೇಲೆ ಕೆಲಸಕ್ಕೆಂದು ಬೇರೆ ದೇಶಕ್ಕೆ ಹೋದ ಗಾಯಕಿ ತನ್ನ ಪುಟದಲ್ಲಿ ಹೊಸ ವಿಳಾಸ ಬರೆದುಕೊಂಡರೆ ಅವಳ ಹಳೆಯ ಕೃತಿಗಳನ್ನು ನಮ್ಮ ಊರಿನ ಪಟ್ಟಿಯಲ್ಲಿ ಹುಡುಕುವ ಭರವಸೆ ಇಟ್ಟುಕೊಳ್ಳಬಾರದು. ಊರು ಬಿಟ್ಟು ಹೋದವರ ಲೆಕ್ಕವನ್ನು ವರದಿಗಾರ್ತಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ತಾನೇ ಇಟ್ಟುಕೊಳ್ಳಬೇಕಾಗುತ್ತದೆ.

ಆಲ್ಬಮ್ಮಿನ ಪುಟವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು, ಏಕೆಂದರೆ ಈ ಸೇವೆಯ ನಿಜವಾದ ಬೆಲೆ ಇರುವುದು ಅಲ್ಲಿ. ಹಾಡುಗಳ ಪಟ್ಟಿಯ ಕೆಳಗೆ ಕಲಾವಿದರು ಎಷ್ಟು ಬೇಕಾದರೂ ಬರೆಯಬಹುದಾದ ಖಾಲಿ ಜಾಗವಿದೆ, ಅದರ ಕೆಳಗೆ ಬಿಡುಗಡೆಯ ದಿನಾಂಕ, ಆಮೇಲೆ ಯಾರು ಏನು ನುಡಿಸಿದರು ಎಂಬ ವಿವರ. ದೊಡ್ಡ ಸ್ಟ್ರೀಮಿಂಗ್ ಸೇವೆಗಳಲ್ಲಿ ಹಾಡು ಬರೆದವರು, ನಿರ್ಮಿಸಿದವರು ಎಂದು ನಿಗದಿಯಾದ ಕೆಲವೇ ಖಾನೆಗಳಿರುತ್ತವೆ. ಇಲ್ಲಿ ಖಾನೆಗಳ ಕಟ್ಟುಪಾಡು ಇಲ್ಲದಿರುವುದರಿಂದ ಎರಡನೆಯ ಹಾಡಿಗೆ ಮಾತ್ರ ಬಂದು ಚೆಲ್ಲೊ ನುಡಿಸಿ ಹೋದವಳ ಹೆಸರು, ಡ್ರಮ್ಸ್ ಇಡಲು ಗ್ಯಾರೇಜು ಬಿಟ್ಟುಕೊಟ್ಟ ಗೆಳೆಯನ ಹೆಸರು, ಧ್ವನಿಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಮಾಡಿದವರು, ಕೊನೆಯ ಮೆರುಗು ಕೊಡುವ ಮಾಸ್ಟರಿಂಗ್ ಮಾಡಿದವರು, ಮುಖಪುಟದ ಚಿತ್ರ ಬರೆದವರು, ಕೊನೆಗೆ ಕೃತಜ್ಞತೆಯ ಉದ್ದನೆಯ ಪಟ್ಟಿ ಎಲ್ಲವೂ ಸಿಗುತ್ತವೆ. ಇಂಥ ಪುಟಗಳನ್ನು ಓದುವುದನ್ನು ಅಭ್ಯಾಸ ಮಾಡಿಕೊಂಡವರಿಗೆ ಒಂದು ಊರಿನ ಸಂಗೀತದ ಒಳಗಿನ ನಂಟುಗಳು ತಾವಾಗಿ ಬಿಡಿಸಿಕೊಳ್ಳತೊಡಗುತ್ತವೆ. ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕೇಳಿಸುವ ನಾಲ್ಕು ತಂಡಗಳಲ್ಲಿ ಡ್ರಮ್ಸ್ ನುಡಿಸುವವರು ಒಬ್ಬರೇ ಎಂಬುದು ಗೊತ್ತಾಗುತ್ತದೆ. ಮೂರು ವರ್ಷಗಳಿಂದ ಊರಿನ ಗಿಟಾರುಗಳೆಲ್ಲ ಒಂದೇ ಬಗೆಯ ಒರಟುತನದಲ್ಲಿ ಕೇಳಿಸುತ್ತಿರುವುದಕ್ಕೆ ಒಬ್ಬ ಸೌಂಡ್ ಎಂಜಿನಿಯರ್ ಕಾರಣರೆಂದೂ, ಅವರ ಬಗ್ಗೆ ಇದುವರೆಗೆ ಯಾರೂ ಒಂದು ಸಾಲು ಬರೆದಿಲ್ಲವೆಂದೂ ಹೊಳೆಯುತ್ತದೆ. ಅಲ್ಲಿಗೆ ಲೇಖನಕ್ಕೆ ವಿಷಯ ಸಿಕ್ಕಿತು. ಕೃತಜ್ಞತೆಯ ಪಟ್ಟಿಯನ್ನು ಕೊನೆಯವರೆಗೆ ಓದದ ಸಂಗೀತ ಪತ್ರಕರ್ತರು ತಮ್ಮ ಕೆಲಸದ ಅರ್ಧಭಾಗವನ್ನು ಬಿಟ್ಟಿದ್ದಾರೆ ಎಂದೇ ನಾನು ತಿಳಿಯುತ್ತೇನೆ.

ಕೇಳುವ ಗುಣಮಟ್ಟದ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಬ್ರೌಸರಿನಲ್ಲಿ ಒತ್ತಿದೊಡನೆ ಕೇಳಿಸುವುದು ಸೆಕೆಂಡಿಗೆ 128 ಕಿಲೋಬಿಟ್ಟಿನ ಎಂಪಿ3, ಅಂದರೆ ಗಾತ್ರ ಕುಗ್ಗಿಸಲು ಧ್ವನಿಯ ಒಂದಿಷ್ಟು ವಿವರವನ್ನು ಬಿಟ್ಟ ಕಡತ. ಹಾಡಿನ ಪರಿಚಯಕ್ಕೆ ಅಷ್ಟು ಸಾಕು, ಆದರೆ ಅದನ್ನೇ ಕೇಳಿ ಡ್ರಮ್ಸಿನ ಜೊತೆಗಿನ ಕಂಚಿನ ತಾಳಗಳ ಮಿನುಗು ಕಲಸಿಹೋಗಿದೆ, ಹಾಡುಗಾರಿಕೆಯ ಹಿಂದಿನ ಅನುರಣನ ಕಾಗದದಂತೆ ತೆಳುವಾಗಿದೆ ಎಂದು ವಿಮರ್ಶೆಯಲ್ಲಿ ಬರೆದರೆ ದೂರುತ್ತಿರುವುದು ಕಡತದ ಈ ಸಂಕುಚನವನ್ನೋ ಕಲಾವಿದರ ಮಿಕ್ಸಿಂಗನ್ನೋ ಎಂಬುದು ಬರೆದವರಿಗೇ ತಿಳಿದಿರುವುದಿಲ್ಲ. ಕಲಾವಿದರು ಏರಿಸುವುದು ವೇವ್, ಎಐಎಫ್‌ಎಫ್ ಅಥವಾ ಫ್ಲ್ಯಾಕ್ ರೂಪದ ನಷ್ಟವಿಲ್ಲದ ಕಡತಗಳನ್ನು. ಕೊಂಡವರು ಅದೇ ಗುಣಮಟ್ಟದಲ್ಲಿ ಇಳಿಸಿಕೊಳ್ಳಬಹುದು. ಆದ್ದರಿಂದ ವಿಮರ್ಶೆ ಬರೆಯುವ ಕೃತಿಯನ್ನು ಇಳಿಸಿಕೊಂಡೇ ಕೇಳಬೇಕು. ಕಲಾವಿದರು ಪತ್ರಕರ್ತರಿಗೆ ಉಚಿತ ಡೌನ್‌ಲೋಡ್ ಕೋಡ್ ಕಳುಹಿಸುವ ವ್ಯವಸ್ಥೆಯೂ ಇದೆ. ಪ್ರಚಾರಕರು ಕಳುಹಿಸುವ, ವಾರದೊಳಗೆ ಮಾಯವಾಗುವ ಖಾಸಗಿ ಕೊಂಡಿಗಳಿಗೆ ಹೋಲಿಸಿದರೆ ಈ ವ್ಯವಸ್ಥೆ ಬಹಳ ನೇರವಾದದ್ದು.

ಕೊಳ್ಳುವುದರಲ್ಲಿ ಮಾತ್ರ ವೃತ್ತಿಧರ್ಮದ ಸೂಕ್ಷ್ಮವೊಂದು ಅಡಗಿದೆ. ಆಲ್ಬಮ್ಮಿನ ಪುಟದಲ್ಲಿ ಅದನ್ನು ಕೊಂಡವರ ಪುಟ್ಟ ಚಿತ್ರಗಳು ಬೆಂಬಲಿಗರು ಎಂಬ ತಲೆಬರಹದ ಕೆಳಗೆ ಸಾಲುಗಟ್ಟುತ್ತವೆ, ಕೊಂಡವರ ಸಂಗ್ರಹವೂ ಎಲ್ಲರಿಗೂ ಕಾಣುವ ಪುಟವಾಗಿ ತೆರೆದಿರುತ್ತದೆ. ಊರಿನ ಸಂಗೀತ ಲೋಕ ಸಣ್ಣದು, ಅಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲರು. ವಿಮರ್ಶಕಿಯ ಚಿತ್ರ ಒಂದು ತಂಡದ ಪುಟದಲ್ಲಿ ಬೆಂಬಲಿಗರ ಸಾಲಿನಲ್ಲಿದ್ದು ಇನ್ನೊಂದು ತಂಡದ ಪುಟದಲ್ಲಿ ಇಲ್ಲದಿರುವುದನ್ನು ಮೊದಲು ಗಮನಿಸುವವರು ಆ ಇನ್ನೊಂದು ತಂಡದವರೇ. ದುಡ್ಡು ಕೊಟ್ಟು ಕೇಳುವುದು ಪಕ್ಷಪಾತವಲ್ಲ, ಪುಕ್ಕಟೆ ಪಡೆದು ಹೊಗಳುವುದಕ್ಕಿಂತ ಎಷ್ಟೋ ಮೇಲು ಎಂದು ನಾನು ನಂಬುತ್ತೇನೆ. ಆದರೂ ಕೊಂಡದ್ದನ್ನು ಸಂಗ್ರಹದ ಪುಟದಿಂದ ಮರೆಮಾಡುವ ಆಯ್ಕೆಯನ್ನು ಕಂಪನಿ ಕೊಟ್ಟಿರುವಾಗ ಅದನ್ನು ಬಳಸಿಕೊಳ್ಳುವುದು ಜಾಣತನ. ಮೆಚ್ಚುಗೆಯನ್ನು ಹೇಳಬೇಕಾದ ಜಾಗ ಲೇಖನ, ಅಲ್ಲಿ ಕಾರಣಗಳನ್ನೂ ಕೊಡಬಹುದು.

ಬ್ಯಾಂಡ್‌ಕ್ಯಾಂಪ್ ಡೈಲಿ ಎಂಬ ಪತ್ರಿಕಾ ವಿಭಾಗ 2016ರಲ್ಲಿ ಶುರುವಾಯಿತು. ಈ ಕಸುಬಿನ ಮಟ್ಟಿಗೆ ಅದು ಸಣ್ಣ ಸಂಗತಿಯಲ್ಲ. ಊರಿನ ಸಂಗೀತದ ಬಗ್ಗೆ ಬರೆಯಲು ಇದ್ದ ಪುಟಗಳು ಒಂದೊಂದಾಗಿ ಮುಚ್ಚುತ್ತ ಬಂದ ಕಾಲವದು: ನ್ಯೂಯಾರ್ಕಿನ ವಿಲೇಜ್ ವಾಯ್ಸ್ ವಾರಪತ್ರಿಕೆ 2017ರಲ್ಲಿ ಮುದ್ರಣ ನಿಲ್ಲಿಸಿತು, ಬ್ರಿಟನ್ನಿನ ಎನ್‌ಎಂಇ ಎಂಬ ಸಂಗೀತ ವಾರಪತ್ರಿಕೆಯ ಮುದ್ರಣ 2018ರಲ್ಲಿ ಕೊನೆಗೊಂಡಿತು, 1996ರಲ್ಲಿ ಹುಟ್ಟಿ ಷಿಕಾಗೋದಲ್ಲಿ ಬೆಳೆದ ಪಿಚ್‌ಫೋರ್ಕ್ ಎಂಬ ಸಂಗೀತ ವಿಮರ್ಶೆಯ ಜಾಲತಾಣವನ್ನು ಅದರ ಮಾಲೀಕ ಸಂಸ್ಥೆ 2024ರ ಜನವರಿಯಲ್ಲಿ ಜಿಕ್ಯೂ ಎಂಬ ಪುರುಷರ ಫ್ಯಾಷನ್ ಪತ್ರಿಕೆಯೊಳಗೆ ಸೇರಿಸಿತು. ಸ್ಥಳೀಯ ಪತ್ರಿಕೆಯ ಒಂದು ಅಂಕಣ ಏನು ಮಾಡಬಲ್ಲದು ಎಂಬುದಕ್ಕೆ ಸಿಯಾಟಲ್‌ನ ಉದಾಹರಣೆ ಇದೆ. 1979ರಿಂದ 2000ದವರೆಗೆ ನಡೆದ ದಿ ರಾಕೆಟ್ ಎಂಬ ಪತ್ರಿಕೆಯಲ್ಲಿ ಬ್ರೂಸ್ ಪ್ಯಾವಿಟ್ 1983ರಲ್ಲಿ ಆರಂಭಿಸಿದ ಅಂಕಣದ ಶೀರ್ಷಿಕೆಯಲ್ಲಿದ್ದ ಸಬ್ ಪಾಪ್ ಎಂಬ ಹೆಸರೇ ಮುಂದೆ ಅವರ ಧ್ವನಿಮುದ್ರಣ ಸಂಸ್ಥೆಯ ಹೆಸರಾಯಿತು, ಮುಂದೆ ಜಗತ್ಪ್ರಸಿದ್ಧವಾದ ನಿರ್ವಾಣ ಎಂಬ ರಾಕ್ ತಂಡದ ಮೊದಲ ಆಲ್ಬಮ್ 1989ರಲ್ಲಿ ಅಲ್ಲಿಂದಲೇ ಹೊರಬಂತು. ಅಂಥ ಪತ್ರಿಕೆಗಳು ಇಲ್ಲವಾದ ಊರುಗಳಲ್ಲಿ ಬರೆಯುವವರಿಗೆ ಡೈಲಿ ಒಂದು ಬಾಗಿಲು ತೆರೆಯಿತು. ಬೇರೆ ಬೇರೆ ಊರುಗಳ ಸಂಗೀತ ವಲಯಗಳನ್ನು ಕುರಿತ ವರದಿಗಳು ಅದರಲ್ಲಿ ಬಂದಿವೆ, ಅವುಗಳಲ್ಲಿ ಒಳ್ಳೆಯವು ಎಂದರೆ ಆ ಊರಿನ ಬೀದಿಗಳನ್ನು ಬಲ್ಲವರು ಬರೆದವು ಎಂಬುದು ಓದಿದೊಡನೆ ತಿಳಿಯುತ್ತದೆ: ಸಭಾಂಗಣದ ಬಾಡಿಗೆ ಏರಿದ್ದು, ಕೊನೆಯ ಬಸ್ಸಿನ ಹೊತ್ತಿಗೆ ಕಾರ್ಯಕ್ರಮ ಮುಗಿಸಬೇಕಾಗುವುದು ಇಂಥ ವಿವರಗಳು ಹೊರಗಿನವರ ಬರಹದಲ್ಲಿ ಬರುವುದೇ ಇಲ್ಲ.

ಹಾಗೆಂದು ಅದನ್ನು ಸ್ವತಂತ್ರ ಪತ್ರಿಕೆ ಎಂದು ಕರೆಯಲಾಗದು. ಅದು ಅಂಗಡಿಯವರ ಪತ್ರಿಕೆ. ಅಂಗಡಿಯಲ್ಲಿ ಸಿಗುವ ಸಂಗೀತದ ಬಗ್ಗೆ ಅಲ್ಲಿ ಬರೆಯಲಾಗುತ್ತದೆ, ಬರೆದದ್ದು ಹೆಚ್ಚುಕಡಿಮೆ ಶಿಫಾರಸಿನ ರೂಪದಲ್ಲಿಯೇ ಇರುತ್ತದೆ. ಈ ಆಲ್ಬಮ್ ಏಕೆ ಸೋತಿತು ಎಂದು ಮೂರು ಪುಟ ವಾದಿಸುವ ಲೇಖನಕ್ಕೆ ಅಲ್ಲಿ ಎಡೆಯಿಲ್ಲ. ಊರಿನ ಸಂಗೀತದಲ್ಲಿ ದುಡ್ಡಿನ ವಂಚನೆ, ಹೆಣ್ಣುಮಕ್ಕಳಿಗೆ ವೇದಿಕೆಯ ಹಿಂದೆ ಆಗುವ ಕಿರುಕುಳ, ಶಬ್ದದ ದೂರುಗಳಿಂದ ಮುಚ್ಚುವ ಸಭಾಂಗಣಗಳು ಇವೆಲ್ಲವನ್ನೂ ಬೆನ್ನುಹತ್ತಿ ಬರೆಯುವುದು ನಗರ ವರದಿಗಾರಿಕೆಯ ಕೆಲಸ, ಅದಕ್ಕೆ ಬೇರೆ ಸಂಪಾದಕರು ಬೇಕು, ವಕೀಲರ ಸಲಹೆ ಇರುವ ಪತ್ರಿಕೆ ಬೇಕು. ಡೈಲಿಯಲ್ಲಿ ಬರೆಯುವುದನ್ನು ಇಡೀ ವೃತ್ತಿಯೆಂದು ಭಾವಿಸಿದವರ ಬರವಣಿಗೆಯಲ್ಲಿ ಕಾಲಕ್ರಮೇಣ ಒಂದು ಬಗೆಯ ಸಿಹಿ ಸೇರಿಕೊಳ್ಳುವುದನ್ನು ನಾನು ಕಂಡಿದ್ದೇನೆ.

ಬ್ಯಾಂಡ್‌ಕ್ಯಾಂಪ್ ಶುಕ್ರವಾರದ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಕೋವಿಡ್‌ನಿಂದ ಕಾರ್ಯಕ್ರಮಗಳೆಲ್ಲ ನಿಂತಾಗ, 2020ರ ಮಾರ್ಚ್ 20ರಂದು, ಕಂಪನಿ ಒಂದು ದಿನದ ಮಟ್ಟಿಗೆ ತನ್ನ ಪಾಲನ್ನು ಬಿಟ್ಟುಕೊಟ್ಟಿತು. ಆಮೇಲೆ ಅದು ಆಗಾಗ ನಡೆಯುವ ಪದ್ಧತಿಯಾಯಿತು. ಕಲಾವಿದರಿಗೆ ಇದು ಒಳ್ಳೆಯದೇ. ಆದರೆ ಎಲ್ಲರೂ ಅದೇ ದಿನಕ್ಕೆ ಬಿಡುಗಡೆ ಇಟ್ಟುಕೊಳ್ಳುವುದರಿಂದ ವರದಿಗಾರ್ತಿಯ ಪಾಲಿಗೆ ಆ ವಾರ ಪ್ರವಾಹ, ಮುಂದಿನ ವಾರ ಬರ. ಅಂಥ ಶುಕ್ರವಾರದಂದು ಬಂದ ಕೃತಿಗಳ ಬಗ್ಗೆ ಆತುರಪಟ್ಟು ಬರೆಯದೆ, ಎರಡು ವಾರ ಬಿಟ್ಟು ನಿಧಾನವಾಗಿ ಕೇಳಿ ಬರೆದರೆ ಓದುಗರಿಗೂ ಕಲಾವಿದರಿಗೂ ಹೆಚ್ಚು ಉಪಕಾರ.

ಇಲ್ಲಿ ಸಿಗದವರ ಮಾತನ್ನು ಆಡದೆ ಹೋದರೆ ವಿಮರ್ಶೆ ಪೂರ್ತಿಯಾಗದು. ಗಿಟಾರ್ ತಂಡಗಳು, ಎಲೆಕ್ಟ್ರಾನಿಕ್ ಸಂಗೀತದವರು, ಪ್ರಯೋಗಶೀಲರು, ಮೆಟಲ್ ತಂಡಗಳು, ಸಣ್ಣ ಜಾಝ್ ಕೂಟಗಳು ಇಲ್ಲಿ ದಂಡಿಯಾಗಿ ಸಿಗುತ್ತಾರೆ. ಧ್ವನಿಮುದ್ರಣದ ಗೋಜಿಗೇ ಹೋಗದೆ ನಲವತ್ತು ವರ್ಷ ಹಾಡಿದವರು, ಮೆರವಣಿಗೆಯ ಬ್ಯಾಂಡಿನವರು, ಸಂಜೆ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುವವರು, ವಲಸೆ ಬಂದವರು ತಮ್ಮವರ ನಡುವೆ ಮಾತ್ರ ನಡೆಸುವ ಹಾಡಿನ ಕೂಟಗಳು ಇಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಯೂಟ್ಯೂಬಿನಲ್ಲಿ ಮಾತ್ರ ಇರುವವರು, ಫೋನಿನಿಂದ ಫೋನಿಗೆ ಹಾಡು ಹಂಚುವವರು ಬೇರೆ. ಬ್ಯಾಂಡ್‌ಕ್ಯಾಂಪಿನ ಪಟ್ಟಿಯನ್ನೇ ಊರಿನ ಸಂಗೀತವೆಂದು ಹಿಡಿದು ವರ್ಷಾಂತ್ಯದ ಲೇಖನ ಬರೆದರೆ, ಕಂಪ್ಯೂಟರ್, ಬ್ಯಾಂಕ್ ಖಾತೆ ಮತ್ತು ಒಂದಿಷ್ಟು ಇಂಗ್ಲಿಷ್ ಇರುವವರ ಊರೊಂದು ಕಾಗದದ ಮೇಲೆ ಮೂಡುತ್ತದೆ. ಇದು ಸೇವೆಯ ದೋಷಕ್ಕಿಂತ ಹೆಚ್ಚಾಗಿ ಬಳಸುವವರು ನೆನಪಿನಲ್ಲಿಡಬೇಕಾದ ಮಿತಿ. ಸ್ಪಾಟಿಫೈನಲ್ಲಿ ಈ ಅಂತರ ಇನ್ನೂ ದೊಡ್ಡದು, 2024ರಿಂದ ಅಲ್ಲಿ ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಬಾರಿಯಾದರೂ ಕೇಳಿಸಿಕೊಳ್ಳದ ಹಾಡಿಗೆ ಗೌರವಧನವೇ ಇಲ್ಲ, ಊರಿನ ಮಟ್ಟದ ಎಷ್ಟೋ ಹಾಡುಗಳು ಆ ಗೆರೆಯನ್ನು ದಾಟುವುದಿಲ್ಲ.

ಇನ್ನು ಬಾಳಿಕೆ. ಊರಿನ ಸಂಗೀತದ ಬಗ್ಗೆ ಇಪ್ಪತ್ತು ವರ್ಷ ಬರೆದವರು ಒಂದು ಹಂತದಲ್ಲಿ ವರದಿಗಾರಿಕೆಯಿಂದ ಇತಿಹಾಸದ ಕಡೆಗೆ ತಿರುಗುವುದು ಸಹಜ, ಆಗ ತಾವು ಬರೆದದ್ದಕ್ಕೆ ಆಧಾರವಾದ ಧ್ವನಿ ಎಲ್ಲಿದೆ ಎಂಬ ಪ್ರಶ್ನೆ ಎದುರಾಗುತ್ತದೆ. ಬ್ಯಾಂಡ್‌ಕ್ಯಾಂಪನ್ನು 2022ರ ಮಾರ್ಚಿನಲ್ಲಿ ಎಪಿಕ್ ಗೇಮ್ಸ್ ಎಂಬ ವಿಡಿಯೊ ಆಟಗಳ ಕಂಪನಿ ಕೊಂಡಿತು, 2023ರಲ್ಲಿ ಸಾಂಗ್‌ಟ್ರೇಡರ್ ಎಂಬ ಸಂಗೀತ ಪರವಾನಗಿ ಕಂಪನಿಗೆ ಮಾರಿತು, ಆ ಕೈಬದಲಾವಣೆಯಲ್ಲಿ ಸುಮಾರು ಅರ್ಧದಷ್ಟು ನೌಕರರು ಕೆಲಸ ಕಳೆದುಕೊಂಡರು. ಅದಾದ ಮೇಲೂ ಸೇವೆ ನಡೆದುಕೊಂಡು ಬಂದಿದೆ, ಡೈಲಿಯೂ ನಿಂತಿಲ್ಲ ಎಂಬುದು ಸಮಾಧಾನದ ಸಂಗತಿ. ಆದರೆ ಎರಡು ವರ್ಷದೊಳಗೆ ಎರಡು ಬಾರಿ ಕೈಬದಲಾದ ಜಾಗವನ್ನು ಶಾಶ್ವತವೆಂದು ತಿಳಿಯುವುದು ಕಷ್ಟ. ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣದಲ್ಲಿ ಹನ್ನೆರಡು ವರ್ಷ ಜನ ಏರಿಸಿದ್ದ ಸಂಗೀತ ಸರ್ವರ್ ಸ್ಥಳಾಂತರದ ವೇಳೆ ಅಳಿಸಿಹೋಯಿತೆಂದು 2019ರಲ್ಲಿ ತಿಳಿದುಬಂದಾಗ ಎಷ್ಟೋ ಊರುಗಳ ಒಂದು ಇಡೀ ತಲೆಮಾರಿನ ಮೊದಲ ಧ್ವನಿಮುದ್ರಣಗಳು ಹೋದವು. ಅವುಗಳ ಬಗ್ಗೆ ಬರೆದ ವಿಮರ್ಶೆಗಳು ಉಳಿದಿವೆ, ಹಾಡುಗಳಿಲ್ಲ.

ಕಲಾವಿದರೂ ತಮ್ಮ ಪುಟಗಳನ್ನು ತಾವೇ ಅಳಿಸುತ್ತಾರೆ. ತಂಡ ಒಡೆದಾಗ, ಹಳೆಯದು ನಾಚಿಕೆ ತರಿಸಿದಾಗ, ಹೊಸ ಧ್ವನಿಮುದ್ರಣ ಸಂಸ್ಥೆ ಷರತ್ತು ಹಾಕಿದಾಗ ಆಲ್ಬಮ್ಮುಗಳು ಸದ್ದಿಲ್ಲದೆ ಮರೆಯಾಗುತ್ತವೆ. ಅದು ಅವರ ಹಕ್ಕು. ಬರೆಯುವವರು ಮಾಡಬಹುದಾದದ್ದು ಇಷ್ಟು: ಬರೆದ ಕೃತಿಯನ್ನು ಫ್ಲ್ಯಾಕ್ ರೂಪದಲ್ಲಿ ಇಳಿಸಿಕೊಂಡು ಎರಡು ಡಿಸ್ಕುಗಳಲ್ಲಿ ಇಡುವುದು, ಪುಟದಲ್ಲಿರುವ ಹೆಸರುಗಳ ವಿವರವನ್ನು ನಕಲು ಮಾಡಿ ಅದರ ಜೊತೆಗೇ ಉಳಿಸುವುದು, ಪುಟದ ಪ್ರತಿಯನ್ನು ಜಾಲಪುಟಗಳ ಹಳೆಯ ಪ್ರತಿಗಳನ್ನು ಕಾಪಿಡುವ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿಗೆ ಸೇರಿಸುವುದು. ಲೇಖನದೊಳಗೆ ಬ್ಯಾಂಡ್‌ಕ್ಯಾಂಪಿನ ಪ್ಲೇಯರನ್ನು ಅಂಟಿಸುವುದು ಓದುಗರಿಗೆ ಬಹಳ ಅನುಕೂಲ, ಆದರೆ ಅದನ್ನು ನಂಬಿ ಧ್ವನಿಯ ವರ್ಣನೆಯನ್ನು ಮೊಟಕುಗೊಳಿಸಬಾರದು; ಒಂದು ದಿನ ಆ ಜಾಗದಲ್ಲಿ ಖಾಲಿ ಚೌಕ ಉಳಿದರೂ ಬರಹ ತಾನಾಗಿ ನಿಲ್ಲುವಂತಿರಬೇಕು.

ದಿನಾಂಕದ ಮಾತು ಕೊನೆಯದು, ಇತಿಹಾಸ ಬರೆಯುವವರಿಗೆ ಅದೇ ಹೆಚ್ಚು ಕಾಡುವಂಥದ್ದು. ಬಿಡುಗಡೆಯ ದಿನಾಂಕವನ್ನು ತುಂಬುವವರು ಕಲಾವಿದರೇ. ತೊಂಬತ್ತರ ದಶಕದ ಕ್ಯಾಸೆಟ್ಟನ್ನು ಈಗ ಏರಿಸುವ ಒಬ್ಬರು ಅಂದಿನ ದಿನಾಂಕವನ್ನು ಹಾಕುತ್ತಾರೆ, ಇನ್ನೊಬ್ಬರು ಇಂದಿನದನ್ನು ಹಾಕುತ್ತಾರೆ, ಮತ್ತೊಬ್ಬರು ನೆನಪಿಗೆ ಬಂದ ವರ್ಷದ ಜನವರಿ 1 ಎಂದು ಹಾಕಿ ಮುಗಿಸುತ್ತಾರೆ. ಮೂರೂ ಪುಟದ ಮೇಲೆ ಒಂದೇ ಬಗೆಯ ಅಕ್ಷರಗಳಲ್ಲಿ ಒಂದೇ ಬಗೆಯ ಖಚಿತತೆಯಿಂದ ಕಾಣುತ್ತವೆ. ಯಾವ ತಂಡ ಮೊದಲು, ಯಾರ ಪ್ರಭಾವ ಯಾರ ಮೇಲೆ ಎಂದು ಬರೆಯುವ ಮುನ್ನ ಕ್ಯಾಸೆಟ್ಟಿನ ಹೊದಿಕೆ, ಕಾರ್ಯಕ್ರಮದ ಕರಪತ್ರ, ಅಂದಿನ ಪತ್ರಿಕೆಯ ಪ್ರಕಟಣೆ ಇವುಗಳೊಂದಿಗೆ ತಾಳೆ ನೋಡಲೇಬೇಕು. ಕಂಪನಿಯವರು ಪತ್ರಕರ್ತರ ಮಾತಿಗೆ ಕಿವಿಗೊಡುವುದಾದರೆ ನಾನು ಕೇಳುವುದು ಎರಡೇ: ಬಿಡುಗಡೆಯ ದಿನಾಂಕದ ಪಕ್ಕದಲ್ಲಿ ಏರಿಸಿದ ದಿನಾಂಕವನ್ನೂ ತೋರಿಸಲಿ, ಪ್ರತಿ ಆಲ್ಬಮ್ಮಿಗೆ ಅದು ಧ್ವನಿಮುದ್ರಣವಾದ ಊರನ್ನು ಬೇರೆಯಾಗಿ ಬರೆಯಲು ಒಂದು ಖಾನೆ ಕೊಡಲಿ.